ಇಕ್ಕಟ್ಟಿನ ಹಲಗೆಯ ಮೇಲೆ ರೈಲುದಾರಿ

ಮಾದರಿ ರೈಲಿನ ಮಾತು ಬಂದಾಗಲೆಲ್ಲ ನಮ್ಮ ತರುಣ ಮಿತ್ರರು ಮೊದಲು ಕೇಳುವುದು, "ಅದಕ್ಕೆಲ್ಲ ಜಾಗ ಎಲ್ಲಿದೆ?" ಎಂದು. ಚಿತ್ರಗಳಲ್ಲಿ ಅವರು ಕಂಡದ್ದು ವಿಶಾಲವಾದ ಹಜಾರವನ್ನು. ಅದರ ನಡುವೆ ನಾಲ್ಕಾರು ಮಂಚಗಳಷ್ಟು ದೊಡ್ಡದಾದ ಮೇಜನ್ನು. ಆ ಮೇಜಿನ ಮೇಲೆ ಬೆಟ್ಟ, ಸೇತುವೆ, ಸುರಂಗಗಳನ್ನು ಬಳಸಿಕೊಂಡು ಎಡೆಬಿಡದೆ ಸುತ್ತುವ ಗಾಡಿಯನ್ನು. ನಮ್ಮ ಮನೆಗಳಲ್ಲಿ ಸಿಕ್ಕಬಹುದಾದದ್ದು ಪಡಸಾಲೆಯ ಒಂದು ಗೋಡೆ, ಇಲ್ಲವೆ ಎರಡು ಕೋಣೆಗಳ ನಡುವಿನ ಓಣಿ. ಶಾಲೆಯಲ್ಲಾದರೆ ಮೊಗಸಾಲೆಯ ಒಂದು ಬದಿ. ಉದ್ದವೇನೋ ಉಂಟು, ಅಗಲವಿಲ್ಲ. ಆದುದರಿಂದ ಈ ಹವ್ಯಾಸ ನಮಗಾಗಿ ಹುಟ್ಟಿದುದಲ್ಲವೆಂದು ಅವರು ಪುಸ್ತಕವನ್ನು ಮಡಿಸಿಡುತ್ತಾರೆ.

ಈ ತೀರ್ಮಾನ ತಪ್ಪೆಂಬುದು ನಮ್ಮ ಅಭಿಪ್ರಾಯ. ೪ ಮೀಟರು ಉದ್ದ, ೪೦ ಸೆಂಟಿಮೀಟರು ಅಗಲವಾದ ಒಂದು ಹಲಗೆಯಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದು ಎಂದಷ್ಟೇ ನಾವು ಹೇಳುತ್ತಿಲ್ಲ. ರೈಲ್ವೆಯ ವಿಜ್ಞಾನವನ್ನು ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಆ ದೊಡ್ಡ ಮೇಜಿಗಿಂತ ಈ ಕಿರಿಯ ಹಲಗೆಯೇ ಮೇಲು ಎಂದು ವಾದಿಸಲು ಹೊರಟಿದ್ದೇವೆ.

ನಾವು ಈ ಅರಿವಿಗೆ ಬಂದದ್ದು ಪೆಟ್ಟು ತಿಂದ ಬಳಿಕ. ಕಾಲೇಜಿನಲ್ಲಿ ಓದುತ್ತಿದ್ದಾಗ, ಕೂಡಿಟ್ಟ ಹಣವನ್ನೆಲ್ಲ ಸುರಿದು, ಅಂಡಾಕಾರವಾಗಿ ಜೋಡಿಸಬಹುದಾದ ಹಳಿಗಳ ಪೆಟ್ಟಿಗೆಯೊಂದನ್ನು ಕೊಂಡು ತಂದೆವು. ತಂದ ಮೇಲೆ ಜಾಗವನ್ನು ಅಳೆದೆವು! ತಿರುವಿನ ಹಳಿಗಳ ತ್ರಿಜ್ಯ ೩೭ ಸೆಂಟಿಮೀಟರು. ಅರ್ಧವೃತ್ತಕ್ಕೆ ೭೪ ಸೆಂಟಿಮೀಟರು ಬೇಕು. ಹಳಿಯಿಂದ ಹೊರಕ್ಕೆ ಚಾಚುವ ಡಬ್ಬಿಗಳಿಗೂ ಅಂಚಿಗೂ ಸೇರಿಸಿ ೮೦ ಆಯಿತು. ನಮ್ಮ ಪಡಸಾಲೆಯ ಅಗಲವೇ ೧೨೦. ಉಳಿದ ೪೦ ಸೆಂಟಿಮೀಟರಿನಲ್ಲಿ ಮನೆಮಂದಿಯೆಲ್ಲ ಮೈ ಓರೆಮಾಡಿಕೊಂಡು ಓಡಾಡಬೇಕಾಯಿತು. ಮೂರನೆಯ ದಿನ ಬಿಂದಿಗೆ ಹೊತ್ತು ಬಂದವರ ಮೊಣಕೈ ತಗುಲಿ ಎಂಜಿನು ನೆಲಕ್ಕುರುಳಿತು. ಅದಕ್ಕಿಂತಲೂ ಹೆಚ್ಚಿನ ಪೆಟ್ಟು ನಮ್ಮ ಅಜ್ಜಿಯ ಮಾತಿನದು. ಮೊದಲ ದಿನ ಗಾಡಿ ಸುತ್ತುವುದನ್ನು ಅವರು ಬಹಳ ಹೊತ್ತು ನೋಡಿ, "ಇದು ಯಾವ ಊರಿಗೆ ಹೋಗುತ್ತದಪ್ಪಾ?" ಎಂದು ಕೇಳಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಈಗ ಗಣಿತದ ಬೆಳಕಿನಲ್ಲಿ ನೋಡೋಣ. ಮಾದರಿ ರೈಲುಗಳಲ್ಲಿ ಬಹು ಪ್ರಚಾರದಲ್ಲಿರುವುದು ಎಚ್‌.ಓ. ಎಂಬ ಪ್ರಮಾಣ. ಇದರಲ್ಲಿ ಪ್ರತಿಯೊಂದು ವಸ್ತುವೂ ನಿಜವಾದುದರ ೮೭ರಲ್ಲೊಂದು ಪಾಲು. ನಮ್ಮ ೩೭ ಸೆಂಟಿಮೀಟರಿನ ತಿರುವನ್ನು ೮೭ರಿಂದ ಗುಣಿಸಿದರೆ ಸುಮಾರು ೩೨ ಮೀಟರು ಬರುತ್ತದೆ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ದಾರಿಯಲ್ಲಿ ಒಪ್ಪಿರುವ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯವೇ ೧೭೫ ಮೀಟರು. ೨೨ ಮೀಟರು ಉದ್ದದ ಪ್ರಯಾಣಿಕರ ಡಬ್ಬಿಯನ್ನು ೩೨ ಮೀಟರಿನ ತ್ರಿಜ್ಯದಲ್ಲಿ ತಿರುಗಿಸಲು ಯಾವ ಎಂಜಿನಿಯರನೂ ಒಪ್ಪಲಾರ. ಹಾಗಾದರೆ ೧೭೫ ಮೀಟರನ್ನು ೮೭ರಿಂದ ಭಾಗಿಸಿ ನಿಜವಾದ ತಿರುವನ್ನೇ ಹಾಕೋಣವೆಂದರೆ ತ್ರಿಜ್ಯ ೨ ಮೀಟರಾಗುತ್ತದೆ. ಗಾಡಿ ಅರ್ಧ ಸುತ್ತು ಹಿಂದಿರುಗಲು ೪ ಮೀಟರಿಗೂ ಹೆಚ್ಚು ಅಗಲವಾದ ಮೇಜು ಬೇಕು. ಅದರ ನಡುಭಾಗ ಯಾರ ಕೈಗೂ ಎಟುಕದು. ಎಂದಮೇಲೆ, ದೊಡ್ಡದೆಂದು ನಾವು ಹಂಬಲಿಸುವ ಮೇಜೂ ನಿಜವಾದ ವೃತ್ತಕ್ಕೆ ಸಾಲದು. ವೃತ್ತದ ಆಸೆಯನ್ನು ಬಿಟ್ಟವನು ಕಳೆದುಕೊಳ್ಳುವುದು ಒಂದು ಸುಳ್ಳನ್ನು ಮಾತ್ರ.

ಅದೇ ೨ ಮೀಟರಿನ ತಿರುವಿನ ಒಂದು ತುಂಡನ್ನು ನಮ್ಮ ಹಲಗೆಯ ಮೇಲಿಟ್ಟು ನೋಡಿರಿ. ಹಲಗೆಯ ಉದ್ದಕ್ಕೆ ಒಂದೂವರೆ ಮೀಟರಿನ ಜ್ಯಾ ಎಳೆಯಿರಿ. ಜ್ಯಾದ ಅರ್ಧವನ್ನು ವರ್ಗಮಾಡಿ, ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ, ಕಂಸ ಎಷ್ಟು ಬಾಗುತ್ತದೆಂಬುದು ಸರಿಸುಮಾರಾಗಿ ತಿಳಿಯುತ್ತದೆ: ೧೪ ಸೆಂಟಿಮೀಟರು. ೪೦ ಸೆಂಟಿಮೀಟರಿನ ಹಲಗೆಗೆ ಇದು ಹಿಡಿಸಿ ಮಿಗುತ್ತದೆ. ನಿಜವಾದ ರೈಲುದಾರಿಯ ನಯವಾದ ಬಳುಕನ್ನು ತೋರಿಸುವ ಭಾಗ್ಯ ಇಕ್ಕಟ್ಟಿನ ಹಲಗೆಗೆ ಇದೆ. ಅಂಡಾಕಾರದ ಮೇಜಿಗೆ ಇಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ರೈಲುದಾರಿಯೆಂಬುದೇ ಸ್ವಭಾವತಃ ಉದ್ದವೂ ಕಿರಿದೂ ಆದ ವಸ್ತು. ಹಾಸನ–ಮಂಗಳೂರು ದಾರಿಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ೫೫ ಕಿಲೋಮೀಟರುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೭೯ರಲ್ಲಿ ಮೀಟರ್‌ಗೇಜಿನಲ್ಲಿ ತೆರೆದು, ಬಳಿಕ ಬ್ರಾಡ್‌ಗೇಜಾಗಿ ಮಾರ್ಪಟ್ಟು, ೨೦೦೭ರಲ್ಲಿ ಮತ್ತೆ ಪ್ರಯಾಣಿಕರನ್ನು ಹೊತ್ತ ಈ ದಾರಿಯಲ್ಲಿ ೫೭ ಸುರಂಗಗಳಿವೆ. ಏರು ೫೦ಕ್ಕೆ ೧. ನಡುವೆ ಬರುವ ಎಡಕುಮೇರಿಯಂಥ ನಿಲ್ದಾಣದಲ್ಲಿ ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಕಣಿವೆ. ನಡುವಣ ಪಟ್ಟಿಯ ಮೇಲೆಯೇ ಹಳಿಗಳು, ಕಟ್ಟಡ, ಸಿಬ್ಬಂದಿ ಎಲ್ಲವೂ ಹೊಂದಿಕೊಳ್ಳಬೇಕು. ಅದನ್ನು ಕಟ್ಟಿದ ಎಂಜಿನಿಯರುಗಳು "ಜಾಗ ಎಲ್ಲಿದೆ?" ಎಂದು ಕೇಳಿ ಹಿಂದಿರುಗಿ ಹೋಗಲಿಲ್ಲ.

ಜಾಗ ಸಾಲದೆಡೆಯಲ್ಲಿ ಉಪಾಯ ಹುಟ್ಟುತ್ತದೆ ಎಂಬುದಕ್ಕೆ ಹಳೆಯ ನಿದರ್ಶನವೂ ಉಂಟು. ೧೮೬೩ರಲ್ಲಿ ಮುಂಬಯಿ–ಪುಣೆಗಳ ನಡುವಣ ಭೋರ್ ಘಾಟಿಗೆ ದಾರಿ ಹಾಕಿದಾಗ, ಬೆಟ್ಟದ ಏಣಿನ ಮೇಲೆ ಗಾಡಿ ತಿರುಗಲು ಅವಕಾಶವಿರಲಿಲ್ಲ. ಆಗ ಎಂಜಿನಿಯರುಗಳು ಗಾಡಿಯನ್ನು ತಿರುಗಿಸುವ ಗೋಜಿಗೇ ಹೋಗದೆ, ಒಂದು ನಿಲ್ದಾಣದವರೆಗೆ ಮುಮ್ಮುಖವಾಗಿ ತಂದು, ಎಂಜಿನನ್ನು ಮತ್ತೊಂದು ತುದಿಗೆ ಕಟ್ಟಿ, ಅಲ್ಲಿಂದ ಹಿಮ್ಮುಖವಾಗಿ ಹೊರಡಿಸಿದರು. ೧೯೨೯ರಲ್ಲಿ ಹೊಸ ದಾರಿಯಾಗುವವರೆಗೂ ಆ ಏರ್ಪಾಡು ನಡೆಯಿತು. ಡಾರ್ಜಿಲಿಂಗಿನ ಪುಟ್ಟ ರೈಲು ಇಂದಿಗೂ ಕೆಲವೆಡೆ ಹಾಗೆಯೇ ಹಿಂದೆ ಮುಂದೆ ನಡೆದು ಬೆಟ್ಟವೇರುತ್ತದೆ. ಗೋಡೆಯ ಹಲಗೆಗೆ ನಾವು ಸೂಚಿಸುವುದು ಈ ನೀತಿಯನ್ನೇ: ತಿರುಗಿಸಲು ಆಗದಿದ್ದರೆ ತಿರುಗಿಸಬೇಡಿ, ಹೋಗಿ ಬನ್ನಿ.

ಇನ್ನು ಯೋಜನೆಯ ವಿಚಾರ. ೪ ಮೀಟರಿನ ಹಲಗೆ ಎಚ್‌.ಓ. ಪ್ರಮಾಣದಲ್ಲಿ ೩೪೮ ಮೀಟರಿನಷ್ಟು ನೆಲಕ್ಕೆ ಸಮ. ಘಟ್ಟದ ೫೫ ಕಿಲೋಮೀಟರುಗಳನ್ನು ಪೂರ್ತಿಯಾಗಿ ಮಾಡಹೊರಟರೆ ೬೩೨ ಮೀಟರಿನ ಹಲಗೆ ಬೇಕಾದೀತು. ಅಂಥ ಹಜಾರ ಯಾವ ಶ್ರೀಮಂತನ ಮನೆಯಲ್ಲೂ ಇರಲಾರದು. ಆದುದರಿಂದ ಬಡವನಿಗೂ ಬಲ್ಲಿದನಿಗೂ ಇಲ್ಲಿ ಇರುವ ದಾರಿ ಒಂದೇ: ಆರಿಸಿಕೊಳ್ಳುವುದು. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹಣ ಖರ್ಚಾಗುವ ಮೊದಲೇ ಕಾಗದದ ಮೇಲೆ ನಿಶ್ಚಯಿಸಬೇಕು.

ಎಲ್ಲಕ್ಕಿಂತ ಮೊದಲು ನಿಶ್ಚಯಿಸಬೇಕಾದದ್ದು ಗಾಡಿಯ ಉದ್ದ. ಇಪ್ಪತ್ತು ಡಬ್ಬಿಗಳ ಗಾಡಿ ಈ ಪ್ರಮಾಣದಲ್ಲಿ ೫ ಮೀಟರಿಗೂ ಹೆಚ್ಚು. ಹಲಗೆಯನ್ನು ಮೀರಿ ಗೋಡೆಗೆ ಬಡಿಯುತ್ತದೆ. ಒಂದು ಡೀಸೆಲ್ ಎಂಜಿನು ಸುಮಾರು ೨೦ ಸೆಂಟಿಮೀಟರು, ಒಂದು ಡಬ್ಬಿ ಸುಮಾರು ೨೬. ಎಂಜಿನಿನ ಹಿಂದೆ ಮೂರು ಡಬ್ಬಿಗಳನ್ನು ಕಟ್ಟಿದರೆ ಒಂದು ಮೀಟರಿಗೆ ತುಸು ಕಡಿಮೆ. ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಈ ಒಂದು ಮೀಟರು ಗೊತ್ತಾದೊಡನೆ ಉಳಿದ ಅಳತೆಗಳೆಲ್ಲ ತಾವಾಗಿಯೇ ಗೊತ್ತಾಗುತ್ತವೆ.

ಹಲಗೆಯ ಎಡತುದಿಯ ೧೧೦ ಸೆಂಟಿಮೀಟರುಗಳನ್ನು ಒಂದು ಗುಡ್ಡದ ಅಥವಾ ರಟ್ಟಿನ ತೆರೆಯ ಹಿಂದೆ ಮರೆಮಾಡಿರಿ. ಯಕ್ಷಗಾನವನ್ನು ಕಂಡವರಿಗೆ ಚೌಕಿಯ ಅರ್ಥವನ್ನು ಹೇಳಬೇಕಾಗಿಲ್ಲ. ರಂಗದಿಂದ ಒಳಹೋದ ವೇಷಧಾರಿ ಅಲ್ಲಿ ಬೇರೊಂದು ವೇಷ ಧರಿಸಿ ಹೊರಬರುತ್ತಾನೆ. ನಮ್ಮ ಹಲಗೆಯ ಈ ಮರೆಯೂ ಒಂದು ಚೌಕಿಯೇ. ಪ್ರಯಾಣಿಕರ ಗಾಡಿಯಾಗಿ ಒಳಹೋದದ್ದು ಗೂಡ್ಸ್ ಗಾಡಿಯಾಗಿ ಹೊರಬರಬಹುದು. ನೋಡುವವನ ಮನಸ್ಸಿಗೆ ಮಾತ್ರ ಆ ಗುಡ್ಡದಾಚೆ ಮಂಗಳೂರಿದೆ, ಮೈಸೂರಿದೆ. ಅಜ್ಜಿಯ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ.

ಮರೆಯಿಂದ ಹೊರಬಂದ ಹಳಿಗೆ ೯೫ ಸೆಂಟಿಮೀಟರು ಬಯಲು. ಅನಂತರ, ದಾರಿಯನ್ನು ಕವಲೊಡೆಸುವ ಎರಡು ಪಾಯಿಂಟುಗಳಿಗೆ ತಲಾ ೨೦ರಂತೆ ೪೦. ಒಂದು ಪಾಯಿಂಟು ಲೂಪ್ ಹಳಿಗೆ, ಇನ್ನೊಂದು ಸರಕಿನ ಹಳಿಗೆ. ಆಮೇಲೆ ಪ್ಲಾಟ್‌ಫಾರಮ್ಮಿಗೆ ೧೧೦. ಅದರ ಕೊನೆಯಲ್ಲಿ ಲೂಪ್ ಹಳಿ ಮತ್ತೆ ಸೇರುವ ಪಾಯಿಂಟಿಗೆ ೨೦. ಅದರಾಚೆ ಎಂಜಿನು ಒಂಟಿಯಾಗಿ ನಿಲ್ಲಲು ೨೫. ಕೂಡಿಸಿ ನೋಡಿರಿ: ಸರಿಯಾಗಿ ೪೦೦. ಬಂದ ಎಂಜಿನು ಗಾಡಿಯಿಂದ ಬಿಡಿಸಿಕೊಂಡು, ಕೊನೆಯ ೨೫ ಸೆಂಟಿಮೀಟರಿಗೆ ಸರಿದು, ಲೂಪ್ ಹಳಿಯ ಮೂಲಕ ಹಿಂದಕ್ಕೆ ಹೋಗಿ, ಗಾಡಿಯ ಇನ್ನೊಂದು ತುದಿಗೆ ಸೇರಿಕೊಂಡು ಹೊರಡುತ್ತದೆ. ಆ ೨೫ರಲ್ಲಿ ೮ ಸೆಂಟಿಮೀಟರನ್ನು ಕಡಿಮೆ ಮಾಡಿದರೆ ಎಂಜಿನು ಪಾಯಿಂಟಿನಾಚೆಗೆ ಸರಿಯದು. ಇಡೀ ನಿಲ್ದಾಣ ನಿಷ್ಪ್ರಯೋಜಕ. ಪ್ಲಾಟ್‌ಫಾರಮ್ಮನ್ನು ಹಿಗ್ಗಿಸಬೇಕೆಂದರೆ ಬಯಲನ್ನು ಕುಗ್ಗಿಸಬೇಕು. ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕೆಂಬ ಎಂಜಿನಿಯರಿಂಗಿನ ಮೊದಲ ಪಾಠವನ್ನು ಈ ಕೂಡುಲೆಕ್ಕ ಕಲಿಸುವಷ್ಟು ಚೆನ್ನಾಗಿ ಬೇರಾವುದೂ ಕಲಿಸದು.

ಘಟ್ಟದ ನಿಲ್ದಾಣವೇ ಬೇಕೆನ್ನುವವರು ಎರಡು ತುದಿಗಳಲ್ಲೂ ಸುರಂಗದ ಮರೆಯಲ್ಲಿ ೧೧೦ರ ಚೌಕಿಗಳನ್ನಿಟ್ಟು, ನಡುವೆ ಎರಡು ಪಾಯಿಂಟುಗಳನ್ನೂ ೧೧೦ರ ಲೂಪ್ ಹಳಿಯನ್ನೂ ಹಾಕಬಹುದು. ಒಟ್ಟು ೩೭೦ ಆಗಿ, ೩೦ ಉಳಿಯುತ್ತದೆ. ಎದುರುಬದುರಾಗಿ ಬಂದ ಎರಡು ಗಾಡಿಗಳು ಒಂಟಿ ದಾರಿಯಲ್ಲಿ ಒಂದನ್ನೊಂದು ಹೇಗೆ ದಾಟುತ್ತವೆಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಆದರೆ ಒಂದು ದಾರಿ ಇನ್ನೊಂದರ ಮೇಲೆ ಹಾದುಹೋಗುವ ಸೇತುವೆಯ ಆಸೆ ಬೇಡ. ಕೆಳಗಿನ ಗಾಡಿ ನುಸುಳಲು ಸುಮಾರು ೮ ಸೆಂಟಿಮೀಟರು ಎತ್ತರ ಬೇಕು; ೫೦ಕ್ಕೆ ೧ರ ಏರಿನಲ್ಲಿ ಅಷ್ಟು ಏರುವಷ್ಟರಲ್ಲಿ ನಮ್ಮ ನಾಲ್ಕು ಮೀಟರೂ ಮುಗಿದುಹೋಗುತ್ತದೆ.

ಹಲಗೆಯ ಅಗಲ ಕಡಿಮೆಯಾಗಿರುವುದರಿಂದ ಇನ್ನೂ ಕೆಲವು ಅನುಕೂಲಗಳುಂಟು. ನಿಂತವರ ಎದೆಯ ಮಟ್ಟಕ್ಕೆ ಗೋಡೆಗೆ ಆನಿಸಿ ಕಟ್ಟಿದರೆ ಕೊನೆಯ ಹಳಿಯೂ ಕೈಗೆಟುಕುತ್ತದೆ. ೧೨೦ ಸೆಂಟಿಮೀಟರಿನ ಓಣಿಯಲ್ಲಿಯೂ ಓಡಾಡಲು ೮೦ ಉಳಿಯುತ್ತದೆ. ವಿದ್ಯುತ್ತಿನ ತೊಡಕೂ ಕಡಿಮೆ. ಸಾಮಾನ್ಯ ಮಾದರಿ ರೈಲುಗಳಲ್ಲಿ ಒಂದು ಹಳಿ ಧನ, ಇನ್ನೊಂದು ಋಣ. ೧೨ ವೋಲ್ಟಿನ ನೇರ ವಿದ್ಯುತ್ತು ಚಕ್ರಗಳ ಮೂಲಕ ಎಂಜಿನಿನ ಮೋಟಾರಿಗೆ ಸೇರುತ್ತದೆ. ದಾರಿಯನ್ನು ಕುಣಿಕೆಯಂತೆ ತಿರುಗಿಸಿ ತನಗೆ ತಾನೇ ಸೇರಿಸಿದರೆ ಧನದ ಹಳಿ ಋಣದ ಹಳಿಯನ್ನು ಮುಟ್ಟಿ ಮಂಡಲ ಹ್ರಸ್ವವಾಗುತ್ತದೆ. ಅದನ್ನು ತಪ್ಪಿಸಲು ಬೇರೆ ಏರ್ಪಾಡು ಬೇಕು. ತುದಿಯಿಂದ ತುದಿಗೆ ಹೋಗಿಬರುವ ದಾರಿಯಲ್ಲಿ ಈ ಕಷ್ಟ ತಲೆದೋರುವುದೇ ಇಲ್ಲ. ನೆನಪಿಡಬೇಕಾದದ್ದು ಇಷ್ಟೇ: ಉದ್ದನೆಯ ನೇರ ಹಳಿ ಬೇಸಗೆಯಲ್ಲಿ ಹಿಗ್ಗುತ್ತದೆ. ಉಷ್ಣತೆ ೨೦ ಡಿಗ್ರಿ ಏರಿದರೆ ೪ ಮೀಟರಿನ ಹಳಿ ಒಂದು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಕೀಲುಗಳಲ್ಲಿ ಸಣ್ಣ ಸಂದು ಬಿಡದಿದ್ದರೆ ಚೈತ್ರದಲ್ಲಿ ಹಳಿ ಬಾಗಿ ನಿಲ್ಲುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ್ದು ಹಲಗೆಯ ಮೇಲೆ ಹೀಗೆ ಎದ್ದು ಬರುತ್ತದೆ.

ಪ್ರಮಾಣವನ್ನು ಕುರಿತು ಒಂದು ಮಾತು. ೧೬೦ರಲ್ಲೊಂದು ಪಾಲಿನ ಎನ್ ಎಂಬ ಪ್ರಮಾಣವನ್ನು ಆರಿಸಿದರೆ ಅದೇ ಹಲಗೆಯ ಮೇಲೆ ಹೆಚ್ಚು ಕಡಿಮೆ ಎರಡರಷ್ಟು ರೈಲ್ವೆ ಹಿಡಿಸುತ್ತದೆ. ಆದರೆ ಅದರ ಸಾಮಾನ್ಯ ತಿರುವಿಗೂ ೪೬ ಸೆಂಟಿಮೀಟರಿಗಿಂತ ಹೆಚ್ಚು ಅಗಲ ಬೇಕು. ೪೦ರ ಹಲಗೆಯಲ್ಲಿ ಅದೂ ತಿರುಗದು. ಚಿಕ್ಕದನ್ನು ಕೊಂಡೊಡನೆ ಜಾಗದ ಸಮಸ್ಯೆ ಮಾಯವಾಗುತ್ತದೆಂಬ ಭ್ರಮೆ ಬೇಡ. ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಎಚ್‌.ಓ. ಹಳಿಗಳ ನಡುವಣ ಅಂತರ ೧೬.೫ ಮಿಲಿಮೀಟರು. ಅದು ಹೊರದೇಶಗಳ ೧೪೩೫ ಮಿಲಿಮೀಟರಿನ ದಾರಿಗೆ ಸರಿಯಾದದ್ದು. ನಮ್ಮ ಬ್ರಾಡ್‌ಗೇಜು ೧೬೭೬, ಅದಕ್ಕೆ ೧೯.೩ ಇರಬೇಕಾಗಿತ್ತು. ಈ ವ್ಯತ್ಯಾಸವನ್ನು ಒಪ್ಪಿಕೊಂಡು ಮುಂದುವರಿಯುವುದೋ, ಹಳೆಯ ಮೀಟರ್‌ಗೇಜಿನ ಕಾಲವನ್ನು ಆರಿಸಿ ೧೨ ಮಿಲಿಮೀಟರಿನ ಹಳಿಯನ್ನು ಹಾಕುವುದೋ, ಅದು ಅವರವರ ಇಷ್ಟ. ಒಪ್ಪಿಕೊಂಡರೂ ತಿಳಿದು ಒಪ್ಪಿಕೊಳ್ಳಬೇಕು.

ಇಲ್ಲಿ ನಮ್ಮ ವಾಚಕರಲ್ಲಿ ಕೆಲವರು ಆಕ್ಷೇಪಿಸಬಹುದು: "ಗಾಡಿ ಎರಡು ಮೀಟರು ಹೋಗಿ ನಿಂತುಬಿಟ್ಟರೆ ಏನು ಸಂತೋಷ? ಅಂಡಾಕಾರದಲ್ಲಾದರೆ ಓಡುತ್ತಲೇ ಇರುತ್ತದಲ್ಲ!" ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಓಡುವ ಗಾಡಿಯನ್ನು ಸುಮ್ಮನೆ ನೋಡುವುದರಲ್ಲಿ ಒಂದು ಹಿತವಿದೆ. ಹಲಗೆಯ ರೈಲು ಆ ಹಿತವನ್ನು ಕೊಡಲಾರದು. ಅದು ಬೇರೊಂದನ್ನು ಕೊಡುತ್ತದೆ: ಮಾಡಲು ಕೆಲಸ.

ಇಂಗ್ಲೆಂಡಿನಲ್ಲಿ ಮನೆಗಳು ಚಿಕ್ಕವು. ಅಲ್ಲಿಯ ಹವ್ಯಾಸಿಗಳು ಈ ವಿಷಯವಾಗಿ ಬಹಳ ಚಿಂತಿಸಿದ್ದಾರೆ. 'ರೈಲ್ವೆ ಮಾಡೆಲರ್' ಪತ್ರಿಕೆಯ ಸಂಪಾದಕರಾಗಿದ್ದ ಸಿರಿಲ್ ಫ್ರೀಜರ್ ೧೯೫೭ರಲ್ಲಿ 'ಮೈನರೀಸ್' ಎಂಬ ನಗರ ನಿಲ್ದಾಣದ ನಕ್ಷೆಯೊಂದನ್ನು ಪ್ರಕಟಿಸಿದರು. ಸುಮಾರು ಎರಡು ಮೀಟರು ಉದ್ದದ ಕಿರಿದಾದ ಪಟ್ಟಿಯ ಮೇಲೆ ಗಾಡಿಗಳು ಒಂದಾದ ಮೇಲೊಂದು ಬಂದು ಹೋಗುವಂತೆ ಅದನ್ನು ರಚಿಸಿದ್ದರು. ಇಂದಿಗೂ ಅದನ್ನು ಅನುಸರಿಸುವವರಿದ್ದಾರೆ. ಆಲನ್ ರೈಟ್ ಎಂಬವರು ಇನ್ನೂ ಸಣ್ಣದಾದ 'ಇಂಗಲ್‌ನುಕ್' ಎಂಬ ಷಂಟಿಂಗ್ ಒಗಟನ್ನು ಕಟ್ಟಿದರು. ಅದರಲ್ಲಿ ಮೂರು ಕುರುಡು ಹಳಿಗಳು: ಒಂದರಲ್ಲಿ ಐದು ವ್ಯಾಗನ್ನುಗಳು ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಅವನ್ನು ಸೇರಿಸುವ ಹಳಿಯಲ್ಲಿ ಎಂಜಿನಿಗೂ ಮೂರು ವ್ಯಾಗನ್ನುಗಳಿಗೂ ಮಾತ್ರ ಸ್ಥಳ. ಒಟ್ಟು ಎಂಟು ವ್ಯಾಗನ್ನುಗಳು. ಚೀಟಿ ಎತ್ತಿ ಐದನ್ನು ಆರಿಸಬೇಕು. ಚೀಟಿ ಬಂದ ಕ್ರಮದಲ್ಲಿಯೇ ಅವನ್ನು ಉದ್ದದ ಹಳಿಯಲ್ಲಿ ಜೋಡಿಸಬೇಕು. ವ್ಯಾಗನ್ನಿಗೆ ೧೦ ಸೆಂಟಿಮೀಟರಿನಂತೆ ಲೆಕ್ಕ ಹಾಕಿದರೆ ಇದಕ್ಕೆ ಬೇಕಾಗುವುದು ೧೪೦ ಸೆಂಟಿಮೀಟರಿನ ಹಲಗೆ. ಚೀಟಿಯಲ್ಲಿ ಬರಬಹುದಾದ ಕ್ರಮಗಳೋ, ೮ × ೭ × ೬ × ೫ × ೪, ಅಂದರೆ ೬೭೨೦. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ಮುಗಿಯದು. ಎಂಥ ಏರ್ಪಾಡಿನಲ್ಲಿ ಇಂಥ ಒಗಟನ್ನು ಯಾವಾಗಲೂ ಬಿಡಿಸಬಹುದೆಂಬ ಪ್ರಶ್ನೆಯನ್ನು ೨೦೧೯ರಲ್ಲಿ ಸೈಮನ್ ಬ್ಲ್ಯಾಕ್‌ಬರ್ನ್ ಎಂಬ ಗಣಿತಜ್ಞರು ಗಣಿತದ ಪತ್ರಿಕೆಯೊಂದರಲ್ಲಿ ಚರ್ಚಿಸಿದ್ದಾರೆ. ಅಂಡಾಕಾರದ ರೈಲು ಯಾವ ಗಣಿತಜ್ಞನಿಗೂ ಇಷ್ಟು ಕೆಲಸ ಕೊಟ್ಟಂತಿಲ್ಲ!

ಇನ್ನೂ ಸರಳವಾದದ್ದು ಒಂದಿದೆ. ೧, ೨, ೩ ಎಂಬ ಮೂರು ವ್ಯಾಗನ್ನುಗಳು ಬಲಗಡೆಯಿಂದ ಅದೇ ಕ್ರಮದಲ್ಲಿ ಬರುತ್ತವೆ ಎನ್ನೋಣ. ನಡುವೆ ಒಂದೇ ಒಂದು ಕುರುಡು ಹಳಿ. ಬಂದ ವ್ಯಾಗನ್ನನ್ನು ಅದರೊಳಗೆ ತಳ್ಳಬಹುದು; ಹೊರತೆಗೆದದ್ದು ಎಡಕ್ಕೇ ಹೋಗಬೇಕು. ಮೂರು ವ್ಯಾಗನ್ನುಗಳಿಗೆ ಸಾಧ್ಯವಾದ ಕ್ರಮಗಳು ಆರು. ಆರನ್ನೂ ಪಡೆಯಬಹುದೇ? ಐದನ್ನು ಮಾತ್ರ. ೩, ೧, ೨ ಎಂಬುದು ಎಂದಿಗೂ ಬಾರದು. ಏಕೆಂದರೆ ೩ ಮೊದಲು ಹೋಗಬೇಕಾದರೆ ೧ ಮತ್ತು ೨ ಒಳಗೆ ಕಾದಿರಬೇಕು; ಕಾದಿರುವಾಗ ೨ ಹೊರಬದಿಗೆ ಇರುವುದರಿಂದ ಅದೇ ೧ಕ್ಕಿಂತ ಮೊದಲು ಹೊರಬರುತ್ತದೆ. ಕಂಪ್ಯೂಟರುಗಳಲ್ಲಿ ಮಾಹಿತಿಯನ್ನು ಒಂದರ ಮೇಲೊಂದು ಪೇರಿಸಿಡುವ ಕ್ರಮವನ್ನು ವಿವರಿಸಲು ಡೊನಾಲ್ಡ್ ಕ್ನೂತ್ ೧೯೬೮ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬಳಸಿದ್ದು ಇದೇ ರೈಲುಹಳಿಯ ಚಿತ್ರವನ್ನು. ನಾಲ್ಕು ವ್ಯಾಗನ್ನುಗಳ ೨೪ ಕ್ರಮಗಳಲ್ಲಿ ಎಷ್ಟು ದೊರೆಯುತ್ತವೆಂಬುದನ್ನು ವಾಚಕರು ಬೆಂಕಿಪೆಟ್ಟಿಗೆಗಳನ್ನಿಟ್ಟು ಕಂಡುಕೊಳ್ಳಲಿ, ಉತ್ತರ ೧೪.

"ಇದೆಲ್ಲ ಮಕ್ಕಳ ಆಟ" ಎನ್ನುವ ಹಿರಿಯರಿಗೂ ಒಂದು ಮಾತನ್ನು ಬಿನ್ನವಿಸಬೇಕಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಗಳು ೧೯೪೬ರಲ್ಲಿ ಒಂದು ಮಾದರಿ ರೈಲು ಸಂಘವನ್ನು ಸ್ಥಾಪಿಸಿದರು. ಅದರಲ್ಲಿ ಕೆಲವರಿಗೆ ಮೇಜಿನ ಮೇಲಿನ ಬೆಟ್ಟಗುಡ್ಡಗಳಿಗಿಂತ ಕೆಳಗಿನ ತಂತಿಗಳಲ್ಲಿ, ಟೆಲಿಫೋನಿನ ರಿಲೇಗಳಲ್ಲಿ ಹೆಚ್ಚು ಆಸಕ್ತಿ. ಯಾವ ಗುಂಡಿ ಒತ್ತಿದರೆ ಯಾವ ಪಾಯಿಂಟು ತಿರುಗಬೇಕು ಎಂಬ ತರ್ಕವನ್ನು ಅಲ್ಲಿ ಪಳಗಿಸಿಕೊಂಡ ಅವರು ೧೯೫೦ರ ದಶಕದ ಕೊನೆಯಲ್ಲಿ ಸಂಸ್ಥೆಯ ಕಂಪ್ಯೂಟರುಗಳ ಬಳಿಗೆ ಹೋದರು. ಕಂಪ್ಯೂಟರನ್ನು ಕುರಿತ ಒಂದು ಹೊಸ ಮನೋವೃತ್ತಿಗೆ ಅವರೇ ಮೊದಲಿಗರಾದರು. ಇಂದು ಮನೆಮಾತಾಗಿರುವ 'ಹ್ಯಾಕರ್' ಎಂಬ ಪದ ಬಳಕೆಗೆ ಬಂದುದು ಅವರ ಗೋಷ್ಠಿಯಿಂದ.

ಆಟದ ಮಾತನ್ನು ಬಿಟ್ಟು ಈಗ ಪ್ರಾಣದ ಮಾತಿಗೆ ಬರೋಣ. ನಮ್ಮ ಹಲಗೆಯ ಮೇಲೆ ಒಂದು ನೇರ ಹಳಿ, ಅದರಿಂದ ಕವಲೊಡೆದ ಒಂದು ಲೂಪ್ ಹಳಿ, ನಡುವೆ ಒಂದು ಪಾಯಿಂಟು ಇವೆಯಷ್ಟೆ. ದೇಶದ ಸಾವಿರಾರು ನಿಲ್ದಾಣಗಳ ಮೂಲ ವಿನ್ಯಾಸವೂ ಇದೇ. ೨೦೨೩ರ ಜೂನ್ ೨ರ ಸಂಜೆ ಒಡಿಶಾದ ಬಹನಗಾ ಬಜಾರ್ ನಿಲ್ದಾಣದಲ್ಲಿ ನೇರ ಹಳಿಯಲ್ಲಿ ಸಾಗಬೇಕಾಗಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಹಳಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ೨೮೦ಕ್ಕೂ ಹೆಚ್ಚು ಜನ ಮಡಿದರು. ಸಿಗ್ನಲ್ಲಿನ ವಿದ್ಯುನ್ಮಂಡಲದ ಕೆಲಸದಲ್ಲಾದ ತಪ್ಪೇ ಇದಕ್ಕೆ ಕಾರಣವೆಂದು ತನಿಖೆಯಿಂದ ಹೊರ ಬಂತು. ಸಿಗ್ನಲ್ಲು ಹೇಳಿದ್ದು ಒಂದು, ಪಾಯಿಂಟು ನಿಂತಿದ್ದದ್ದು ಇನ್ನೊಂದು.

ಇವೆರಡೂ ಎಂದಿಗೂ ಬೇರೆ ಬೇರೆ ಮಾತಾಡದಂತೆ ಕಟ್ಟಿಹಾಕುವ ಏರ್ಪಾಡಿಗೆ ಇಂಟರ್‌ಲಾಕಿಂಗ್ ಎಂದು ಹೆಸರು. ೧೮೫೬ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಇದಕ್ಕೆ ಪೇಟೆಂಟು ಪಡೆದ. ೧೮೮೯ರಲ್ಲಿ ಐರ್ಲೆಂಡಿನ ಆರ್ಮಾ ಎಂಬಲ್ಲಿ ಭೀಕರ ಅಪಘಾತವಾದ ಮೇಲೆ ಬ್ರಿಟನ್ನಿನ ಸಂಸತ್ತು ಇದನ್ನು ಪ್ರಯಾಣಿಕರ ದಾರಿಗಳಲ್ಲಿ ಕಡ್ಡಾಯಗೊಳಿಸಿತು. ತತ್ತ್ವ ಬಹು ಸರಳ: ಪಾಯಿಂಟು ಲೂಪ್ ಹಳಿಯ ಕಡೆ ತಿರುಗಿರುವಾಗ ನೇರ ದಾರಿಯ ಸಿಗ್ನಲ್ಲಿನ ಸನ್ನೆ ಅಲುಗಲೇಬಾರದು. ನಮ್ಮ ಹಲಗೆಯ ಮೇಲೆ ಎರಡು ಮರದ ಪಟ್ಟಿಗಳಿಗೆ ಕಚ್ಚು ಕೊರೆದು, ಒಂದು ಮುಂದೆ ಸರಿದರೆ ಇನ್ನೊಂದು ಸಿಕ್ಕಿಕೊಳ್ಳುವಂತೆ ಮಾಡಿ ಇದನ್ನು ಸಾಧಿಸಬಹುದು. ಕಾಲೇಜಿನವರು ರಿಲೇಗಳಿಂದ ಮಾಡಬಹುದು. ಹಾಗೆ ಕಟ್ಟಿದ ವಿದ್ಯಾರ್ಥಿ, ಒಂದು ತಂತಿಯನ್ನು ತಪ್ಪಾಗಿ ಜೋಡಿಸಿದರೆ ಹಸಿರು ದೀಪ ಸುಳ್ಳು ಹೇಳುತ್ತದೆಂಬುದನ್ನು ತನ್ನ ಕೈಯಿಂದಲೇ ಕಲಿಯುತ್ತಾನೆ. ಅಲ್ಲಿ ಉರುಳುವುದು ಆಟಿಕೆಯ ಡಬ್ಬಿ. ಈ ಪಾಠವನ್ನು ಅಷ್ಟು ಅಗ್ಗವಾಗಿ ಕಲಿಯಬಹುದಾದ ಸ್ಥಳ ಬೇರೊಂದಿಲ್ಲ. ನಾಳೆ ನಮ್ಮ ಸಿಗ್ನಲ್ಲುಗಳನ್ನು ನೋಡಿಕೊಳ್ಳುವವರು ಇಂದು ಶಾಲೆಯ ಬೆಂಚುಗಳ ಮೇಲೆ ಕುಳಿತವರೇ ಅಲ್ಲವೇ?

ಆದುದರಿಂದ ನಮ್ಮ ಸಲಹೆ ಇದು. ಪ್ರತಿಯೊಂದು ಪ್ರೌಢಶಾಲೆಯ ವಿಜ್ಞಾನ ಸಂಘವೂ ಗೋಡೆಯ ಉದ್ದಕ್ಕೆ ಇಂಥ ಒಂದು ಹಲಗೆಯನ್ನು ಕಟ್ಟಲಿ. ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿ ಮಾಡುವ ಪ್ರಯೋಗಗಳಲ್ಲಿ ಹೆಚ್ಚಿನವು ಉತ್ತರ ಮೊದಲೇ ಗೊತ್ತಿರುವಂಥವು. ಗುರುತ್ವದ ಬೆಲೆ ಎಷ್ಟು ಬರಬೇಕೆಂಬುದು ಲೋಲಕವನ್ನು ತೂಗಾಡಿಸುವ ಮೊದಲೇ ಪುಸ್ತಕದಲ್ಲಿದೆ. ಈ ಹಲಗೆಯ ಉತ್ತರ ಯಾವ ಪುಸ್ತಕದ ಕೊನೆಯಲ್ಲಿಯೂ ಇಲ್ಲ. ಇಂತಿಷ್ಟು ಉದ್ದ, ಇಂತಿಷ್ಟು ಅಗಲ, ಇಂತಿಷ್ಟು ಹಣ, ಇದರೊಳಗೆ ಏನು ಮಾಡುವಿರಿ ಎಂದು ಅದು ಕೇಳುತ್ತದೆ. ಜೀವನವೂ ಕೇಳುವುದು ಹೀಗೆಯೇ.

ವೆಚ್ಚದ ಮಾತು ನಮಗೆ ತಿಳಿಯದ್ದಲ್ಲ. ಎಂಜಿನೂ ಹಳಿಗಳೂ ಒಬ್ಬ ವಿದ್ಯಾರ್ಥಿಯ ಕೈಗೆ ಸುಲಭವಾಗಿ ಎಟುಕುವಂಥವಲ್ಲ. ಅದಕ್ಕಾಗಿಯೇ ಹಲಗೆ ಮೇಲೆನ್ನುತ್ತೇವೆ: ಒಂದು ಎಂಜಿನು, ಎಂಟು ವ್ಯಾಗನ್ನು, ನಾಲ್ಕಾರು ಪಾಯಿಂಟುಗಳಿಗಿಂತ ಹೆಚ್ಚಿನದನ್ನು ಅದು ಬೇಡುವುದಿಲ್ಲ, ಹಾಕಿದರೂ ಹಿಡಿಸುವುದಿಲ್ಲ. ಅದಕ್ಕೂ ಮೊದಲು ಬೇಕಾದದ್ದಕ್ಕೆ ಕಾಸೂ ಖರ್ಚಿಲ್ಲ. ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ ೪ ಮೀಟರಿನ ಪಟ್ಟಿ ಮಾಡಿರಿ. ೨೦ ಸೆಂಟಿಮೀಟರಿನ ಪಾಯಿಂಟುಗಳನ್ನೂ ೨೬ ಸೆಂಟಿಮೀಟರಿನ ಡಬ್ಬಿಗಳನ್ನೂ ರಟ್ಟಿನಲ್ಲಿ ಕತ್ತರಿಸಿರಿ. ನೆಲದ ಮೇಲೆ ಹರಡಿ, ಕೈಯಿಂದಲೇ ಗಾಡಿಯನ್ನು ನಡೆಸಿ ನೋಡಿರಿ. ಎಂಜಿನು ಸಿಕ್ಕಿಬೀಳುವುದು ಎಲ್ಲಿ, ವ್ಯಾಗನ್ನು ದಾರಿಗಡ್ಡವಾಗುವುದು ಎಲ್ಲಿ ಎಂಬುದು ಅಲ್ಲಿಯೇ ತಿಳಿಯುತ್ತದೆ. ನಾವು ಕೊಂಡ ಮೇಲೆ ಅಳೆದೆವು. ನೀವು ಅಳೆದ ಮೇಲೆ ಕೊಳ್ಳಿರಿ.

ಅಜ್ಜಿ ಕೇಳಿದ ಪ್ರಶ್ನೆಯನ್ನು ಆ ಕಾಗದದ ಪಟ್ಟಿಯ ಒಂದು ತುದಿಯಲ್ಲಿ ಬರೆದಿಟ್ಟುಕೊಳ್ಳಿರಿ. ಅದಕ್ಕೆ ಒಂದು ಊರಿನ ಹೆಸರನ್ನು ಉತ್ತರವಾಗಿ ಹೇಳಲು ಸಾಧ್ಯವಾದ ದಿನ ನಿಮ್ಮ ಯೋಜನೆ ಸಿದ್ಧವಾಯಿತೆಂದು ತಿಳಿಯಿರಿ.